ಅತ್ತೆ ಬ್ರೇಕಿನ ಗಾಳಿ ತೆಗೆದದ್ದು

ನಮ್ಮ ಅತ್ತೆಯವರು ನನ್ನನ್ನು ಸೊಸೆಯಾಗಿ ಒಪ್ಪಿದ್ದು ನನ್ನ ಕಾಲಿನ ಶಕ್ತಿ ನೋಡಿ ಎಂದರೆ ನೀವು ನಂಬುವುದಿಲ್ಲ. ತೊಂಬತ್ತರ ದಶಕದ ನಡುವಿನ ಮಾತು. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂದು ಕೇಳುವುದು ವಾಡಿಕೆ. ಇವರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ಕಾಲೇಜಿಗೆ ಹೇಗೆ ಹೋಗುತ್ತಿದ್ದೆ ಎಂದು ವಿಚಾರಿಸಿದರು. ನಜರ್‌ಬಾದಿನಿಂದ ದಿನಾ ಸೈಕಲ್ಲಿನಲ್ಲಿ ಎಂದೆ. ಅವರ ಮುಖ ಅರಳಿತು. ಯಾಕೆ ಅರಳಿತೆಂದು ತಿಳಿದದ್ದು ಮದುವೆಯಾದ ಎರಡನೆಯ ಭಾನುವಾರ!

ಅತ್ತೆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ತಂದೆಯಿಂದ ಬಂದ ಕೆನೆಬಣ್ಣದ ಹಳೇ ಕಾರೊಂದು ಅವರಲ್ಲಿತ್ತು. ಅದನ್ನು ಯಾವ ಮೆಕ್ಯಾನಿಕ್ಕಿಗೂ ಮುಟ್ಟಗೊಡುತ್ತಿರಲಿಲ್ಲ. ಮಂಡಿ ಮೊಹಲ್ಲಾದ ಬಿಡಿಭಾಗದ ಅಂಗಡಿಯವರು ಇವರನ್ನು ಕಂಡೊಡನೆ ಸ್ಟೂಲು ಹಾಕಿ, ಈ ಸಲ ಏನು ಬಿಚ್ಚಿದಿರಿ ಮೇಡಂ ಎಂದು ಕೇಳುತ್ತಿದ್ದರಂತೆ. ಅದರಲ್ಲೂ ಬ್ರೇಕ್ ಆಯಿಲ್ ಬದಲಿಸಿ, ಅದರ ಕೊಳವೆಗಳಲ್ಲಿ ಸೇರಿಕೊಂಡ ಗಾಳಿ ತೆಗೆಯುವುದೆಂದರೆ ಅವರಿಗೆ ಹಬ್ಬ. ಆದರೆ ಅದಕ್ಕೆ ಇಬ್ಬರು ಬೇಕು. ಒಬ್ಬರು ಚಕ್ರದ ಬಳಿ, ಒಬ್ಬರು ಪೆಡಲಿನ ಮೇಲೆ. ಮಾವನವರು ಮಂಡಿನೋವೆಂದು ಎಂದೋ ಪಾರಾಗಿದ್ದರು. ನನ್ನ ಗಂಡ ಔಷಧ ಕಂಪನಿಯ ಪ್ರತಿನಿಧಿ. ಇಂಥ ಭಾನುವಾರಗಳಲ್ಲೇ ಅವರಿಗೆ ಹಾಸನದಲ್ಲಿ ತುರ್ತು ಕೆಲಸ. ಭಾನುವಾರ ಯಾವ ಡಾಕ್ಟರು ಸಿಗುತ್ತಾರೆ ಎಂದು ಕೇಳುವಷ್ಟು ಬುದ್ಧಿ ನನಗಿನ್ನೂ ಬಂದಿರಲಿಲ್ಲ.

ಹೀಗೆ ರಾಮಕೃಷ್ಣನಗರದ ಆ ಮನೆಯ ಮುಂದೆ, ರೇಷ್ಮೆ ಸೀರೆ ಮಡಿಚಿಟ್ಟ ಹೊಸ ಸೊಸೆ ಡ್ರೈವರ್ ಸೀಟಿನಲ್ಲಿ; ಸೆರಗು ಸಿಕ್ಕಿಸಿದ ಅತ್ತೆ ಗೋಣಿತಾಟಿನ ಮೇಲೆ, ಎಡಗಡೆ ಹಿಂದಿನ ಚಕ್ರದ ಬಳಿ. ಚಕ್ರದ ಒಳಬದಿಯ, ಗಾಳಿ ಬಿಡುವ ಪುಟ್ಟ ನಿಪ್ಪಲ್ಲಿಗೆ ಒಂದು ಪ್ಲಾಸ್ಟಿಕ್ ನಳಿಕೆ, ಅದರ ತುದಿ ಜಾಮ್ ಬಾಟಲಿಯೊಳಗೆ. 'ತುಳಿ' ಎಂದರೆ ತುಳಿಯಬೇಕು. 'ಹಿಡಿ' ಎಂದರೆ ಒತ್ತಿಯೇ ಇರಬೇಕು. ಆಗ ಅವರು ನಿಪ್ಪಲ್ ಸಡಿಲಿಸುತ್ತಾರೆ, ಆಯಿಲಿನ ಜೊತೆ ಗಾಳಿಯ ಗುಳ್ಳೆಗಳು ಬಾಟಲಿಗೆ ಬರುತ್ತವೆ. ನಿಪ್ಪಲ್ ಬಿಗಿ ಮಾಡಿ 'ಬಿಡು' ಎನ್ನುವ ಮೊದಲೇ ಕಾಲೆತ್ತಿದರೆ ಹೊರಗಿನ ಗಾಳಿ ಮತ್ತೆ ಒಳಗೆ! ಕಾಂಪೌಂಡಿನಾಚೆಗೆ ಕೇಳಿಸುತ್ತಿದ್ದದ್ದು 'ತುಳಿ, ಹಿಡಿ, ಇನ್ನೂ ತುಳಿ' ಅಷ್ಟೇ. ಪಾಪ, ಪಕ್ಕದ ಮನೆಯಾಕೆ ಒಂದು ಬಟ್ಟಲು ಸಕ್ಕರೆ ಕೇಳುವ ನೆಪದಲ್ಲಿ ಬಂದು, ನಾನು ಜೀವಂತವಾಗಿದ್ದೇನೆಯೇ ಎಂದು ನೋಡಿಕೊಂಡು ಹೋದರು.

ನಾಲ್ಕನೆಯ ಚಕ್ರದ ಹೊತ್ತಿಗೆ ನನ್ನ ಮೀನಖಂಡ ನಡುಗುತ್ತಿತ್ತು. 'ಬಿಡು' ಎನ್ನುವ ಮೊದಲೇ ಕಾಲು ತಾನಾಗಿ ಎದ್ದುಬಿಟ್ಟಿತು. ಮತ್ತೆ ತುಳಿದರೆ ಪೆಡಲು ಮೆತ್ತಗೆ. ಗಟ್ಟಿಯಾಯಿತೇ ಎಂದು ಅತ್ತೆ ಕೆಳಗಿನಿಂದಲೇ ಕೇಳಿದರು. ಇಲ್ಲ ಎಂದರೆ ಮತ್ತೆ ಶುರು. ಆಯಿತು ಎಂದುಬಿಟ್ಟೆ. ಅವರು ಸೀಟಿಗೆ ಬಂದು ತಾವೇ ತುಳಿದು ನೋಡಬಹುದಿತ್ತು. ನೋಡಲಿಲ್ಲ.

ಕಾರು ಸರಿಹೋದ ಖುಷಿಗೆ ಇಬ್ಬರೂ ಬೆಟ್ಟದ ದೇವಸ್ಥಾನಕ್ಕೆ ಹೊರಟೆವು. ದಾರಿಯಲ್ಲಿ ನನ್ನ ಸುಳ್ಳು ಹೊರಬೀಳಲಿಲ್ಲ, ಏಕೆಂದರೆ ಅತ್ತೆ ಬ್ರೇಕನ್ನೇ ಮುಟ್ಟಲಿಲ್ಲ! ಬ್ರೇಕ್ ಹಾಕುವವರು ಮುಂದೆ ನೋಡದವರು ಎಂಬುದು ಅವರ ಸಿದ್ಧಾಂತ. ಆ ನಿಧಾನಕ್ಕೆ ಊರೊಳಗೆ ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕಿ, ತಿರುಗಿ ನೋಡಿ ಮುಂದೆ ಹೋಗುತ್ತಿದ್ದರು. ಹೇಳಿಬಿಡಲೇ ಎಂದು ನಾಲ್ಕು ಸಲ ಬಾಯಿ ತೆರೆದೆ. ನಾಲ್ಕು ಸಲವೂ ಮುಚ್ಚಿಕೊಂಡೆ.

ದರ್ಶನ ಮುಗಿಸಿ ಇಳಿಯುವಾಗ ಒಂದು ತಿರುವಿನಲ್ಲಿ ಮುಂದಿನ ಬಸ್ಸು ನಿಧಾನಿಸಿತು. ಅತ್ತೆಯ ಕಾಲು ಬ್ರೇಕಿನ ಮೇಲೆ ಹೋಯಿತು, ಹೋಗುತ್ತಲೇ ಇತ್ತು. ಪಟಪಟನೆ ಮೂರು ನಾಲ್ಕು ಸಲ ತುಳಿದರು, ಗೇರು ಇಳಿಸಿದರು, ಹ್ಯಾಂಡ್‌ಬ್ರೇಕ್ ಎಳೆದರು. ಕಾರು ರಸ್ತೆಯಂಚಿನ ತಡೆಗೋಡೆಗೆ ಒಂದು ಮೊಳ ಇರುವಾಗ ನಿಂತಿತು. ಬಸ್ಸು ತನ್ನ ಪಾಡಿಗೆ ಹೋಯಿತು.

"ಕಾಲೆತ್ತಿದ್ಯಾ?"

"ಹೂಂ, ಅತ್ತೆ."

"ಯಾವ ಚಕ್ರದಲ್ಲಿ?"

"ಕೊನೇದು."

"ಸದ್ಯ, ಒಂದೇ ಮಾಡಿದ್ರೆ ಸಾಕು" ಎಂದು ಇಳಿದೇಬಿಟ್ಟರು!

ಚಕ್ರಗಳಿಗೆ ಕಲ್ಲು ಕೊಟ್ಟು, ಡಿಕ್ಕಿಯಿಂದ ಗೋಣಿತಾಟು, ನಳಿಕೆ, ಬಾಟಲಿ, ಹೊಸ ಆಯಿಲಿನ ಡಬ್ಬಿ ತೆಗೆದರು. ಭಕ್ತರನ್ನು ತುಂಬಿಕೊಂಡ ಟೆಂಪೊ ಒಂದು ನಿಂತಿತು. ಗ್ಯಾರೇಜಿನಿಂದ ಯಾರನ್ನಾದರೂ ಕಳಿಸಲೇ ಎಂದು ಅದರ ಡ್ರೈವರು ಕೇಳಿದ. ಕಾರಿನಡಿಯಿಂದ ಉತ್ತರ ಬಂತು: "ಗ್ಯಾರೇಜಿನೋರು ಇಲ್ಲೇ ಇದೀವಿ ಕಣಪ್ಪ."

ನಾನು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ತುಳಿದೆ. 'ಬಿಡು' ಎಂದ ಮೇಲೂ ಎರಡು ಕ್ಷಣ ಬಿಡಲಿಲ್ಲ. ಕಡೆಗೆ ಪೆಡಲು ಕಲ್ಲಿನಂತಾಯಿತು. ಅತ್ತೆ ಸೀಟಿಗೆ ಬಂದು ತಾವೂ ತುಳಿದು ನೋಡಿ ತಲೆಯಾಡಿಸಿದಾಗ ನನಗೆ ಬಂದ ನೆಮ್ಮದಿಯ ಉಸಿರು, ಎಂ.ಎ. ಫಲಿತಾಂಶದ ದಿನವೂ ಬಂದಿರಲಿಲ್ಲ. ಅಳು ನಗು ಎರಡೂ ಒಟ್ಟಿಗೆ ಬಂದವು. ಕೆಳಗಿಳಿಯುವವರೆಗೆ ಅವರು ತಿರುವಿಗೊಮ್ಮೆ ಬ್ರೇಕ್ ಹಾಕಿದರು. ಸಿದ್ಧಾಂತದ ಮಾತು ಇಬ್ಬರೂ ಎತ್ತಲಿಲ್ಲ.

ಮನೆಯಲ್ಲಿ ಮಾವನವರು ಯಾಕಿಷ್ಟು ತಡ ಎಂದರು. ತಪ್ಪೊಪ್ಪಿಕೊಳ್ಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಬ್ರೇಕಲ್ಲಿ ಗಾಳಿ ಉಳ್ಕೊಂಡ್‌ಬಿಟ್ಟಿತ್ತು. ನಾನೇ ನೋಡ್ಕೊಳ್ಳಲಿಲ್ಲ" ಎಂದು ಒಳಗೆ ಹೋದರು.

ಹಿಂದೆಯೇ ಹೋದೆ. ಅಡುಗೆಕಟ್ಟೆ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಒಂದು ಕೈ ನನ್ನ ಕೆನ್ನೆಯ ಮೇಲಿಟ್ಟರು.

"ನಿಮ್ಮಮ್ಮಂಗೆ ಏನ್ ಹೇಳ್ತಿದ್ದೆ ಕಣಮ್ಮ ನಾನು?"