ಮುಲಾಮು ಹಚ್ಚಿದ ತಲೆ ಮತ್ತು ಒಪ್ಪಿಸಬೇಕಾದ ಮುಡಿ

ಸಂಖ್ಯೆ: ಚರ್ಮ/ಕೂದಲು/ರಜೆ/07/2025-26
ದಿನಾಂಕ: 12-11-2025

ಸುತ್ತೋಲೆ

ವಿಷಯ: ಚರ್ಮದ ಮುಲಾಮಿನಿಂದ ನೌಕರರ ಕೂದಲು ಉದುರುತ್ತದೆಯೇ ಎಂಬ ಬಗ್ಗೆ ಹಾಗೂ ಉದುರಿಹೋದ ಮುಡಿಯನ್ನು ದೇವರಿಗೆ ಒಪ್ಪಿಸಲು ರಜೆ ಕೋರಿರುವ ಬಗ್ಗೆ.

ಉಲ್ಲೇಖ: 1) ಶ್ರೀ ವಾಸಪ್ಪ, ದ್ವಿತೀಯ ದರ್ಜೆ ಸಹಾಯಕರು, ಸಾಗರ ಇವರ ರಜೆ ಅರ್ಜಿ.
2) ವೈದ್ಯರ ಅಭಿಪ್ರಾಯ.
3) ಸದರಿಯವರ ಪತ್ನಿ ಶ್ರೀಮತಿ ಬಂಗಾರಮ್ಮ ಕಚೇರಿ ಬಾಗಿಲಲ್ಲಿ ನಿಂತು ಆಡಿದ ಮಾತು.

ತುಮರಿಯಿಂದ ದಿನವೂ ಬಂದುಹೋಗುವ ಶ್ರೀ ವಾಸಪ್ಪನವರ ಕುತ್ತಿಗೆಯಲ್ಲಿ ಎದ್ದ ಹುಳುಕಡ್ಡಿಯು ತಲೆಗೆ ಹತ್ತಿದ್ದು, ವಾಸಿಯಾದರೆ ಮುಡಿ ಕೊಡುವುದಾಗಿ ಮನೆದೇವರಿಗೆ ಹರಕೆ ಹೊತ್ತಿರುತ್ತಾರೆ. ಮುಲಾಮು ಹಚ್ಚಲಾಗಿ ಹುಳುಕಡ್ಡಿ ವಾಸಿಯಾಗಿದೆ. ಅಷ್ಟರಲ್ಲಿ ಮುಡಿಯೂ ಉದುರಿಹೋಗಿದೆ. ಹರಕೆ ತೀರದ ಭಯಕ್ಕೆ ಸದರಿಯವರಿಗೆ ಮನೆಯಲ್ಲಿ ನಿದ್ದೆ ಹತ್ತುತ್ತಿಲ್ಲ, ಕಚೇರಿಯಲ್ಲಿ ಹತ್ತುತ್ತಿದೆ. ಆದುದರಿಂದ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ಕಚೇರಿಗಳ ಸಮಸ್ತ ನೌಕರರಿಗೆ ಈ ಮೂಲಕ ಸೂಚಿಸಲಾಗಿದೆ:

1. ಮುಲಾಮು ಹಚ್ಚುವ ನೌಕರರು ಹಚ್ಚುವ ಮೊದಲು ತಮ್ಮ ತಲೆಯನ್ನು ಮೇಲಧಿಕಾರಿಗೆ ತೋರಿಸಿ ದೃಢೀಕರಿಸಿಕೊಳ್ಳತಕ್ಕದ್ದು.

2. ತುಮರಿಯ ಹಿನ್ನೀರಿಗೆ ಸೇತುವೆಯಾದಾಗಿನಿಂದ ‘ಲಾಂಚ್ ತಪ್ಪಿತು’ ಎಂಬ ಕಾರಣವನ್ನು ರದ್ದುಪಡಿಸಲಾಗಿದೆ. ಅದರ ಜಾಗದಲ್ಲಿ ‘ಮುಲಾಮು ಒಣಗಲಿಲ್ಲ’ ಎಂಬುದನ್ನು ಬಳಸುವಂತಿಲ್ಲ.

3. ಉದುರಿದ ಕೂದಲನ್ನು ಅರ್ಜಿಗೆ ಲಗತ್ತಿಸಬಾರದು. ಫ್ಯಾನ್ ಹಾಕಿದಾಗ ಒಬ್ಬರ ಲಗತ್ತು ಇನ್ನೊಬ್ಬರ ಕಡತ ಸೇರಿರುವುದು ಗಮನಕ್ಕೆ ಬಂದಿದೆ. ಚಹಾದಲ್ಲಿ ಸಿಕ್ಕ ಕೂದಲನ್ನು ಬಣ್ಣ ಪರಿಶೀಲಿಸಿ ಸಂಬಂಧಪಟ್ಟ ಶಾಖೆಗೆ ವರ್ಗಾಯಿಸುವುದು.

4. ವೈದ್ಯರು “ಹಚ್ಚೋ ಮುಲಾಮಿಂದ ಕೂದ್ಲು ಉದ್ರೋದು ಅಪರೂಪ ಮಾರಾಯ್ರೆ, ನುಂಗೋ ಕೆಲವು ಮಾತ್ರೆಯಿಂದ ಉದುರ್ತದೆ. ನಿಮ್ಮ ತಲೇಲಿ ಹುಳುಕಡ್ಡಿದೇ ಕೆಲಸ” ಎಂದು ಅಭಿಪ್ರಾಯಪಟ್ಟಿರುತ್ತಾರೆ. ಮುಲಾಮಿನ ತಪ್ಪಿಲ್ಲವಾದ್ದರಿಂದ, ದೇವರೇ ಮುಡಿಯನ್ನು ನೇರವಾಗಿ ವಸೂಲು ಮಾಡಿಕೊಂಡಂತಾಗಿದೆ ಎಂದು ತೀರ್ಮಾನಿಸಿ, ರಜೆ ಅರ್ಜಿಯನ್ನು ತಿರಸ್ಕರಿಸಲಾಗಿತ್ತು.

5. ಇದಕ್ಕೆ ಶ್ರೀಮತಿ ಬಂಗಾರಮ್ಮನವರು “ಹರ್ಕೆ ಅಂದ್ರೆ ಕೈಯಾರೆ ಕೊಡದು ಸಾರ್. ಗಾಳಿಗೆ ಬಿದ್ದ ಮಾವಿನಹಣ್ಣ ದಾನ ಕೊಟ್ಟೆ ಅಂತ ಯಾರಾದ್ರೂ ಹೇಳ್ತಾರಾ? ಇವ್ರು ಕನ್ನಡಿ ಮುಂದೆ ಕೂತು ಅಳ್ತಾರೆ, ನೀವು ಇಲ್ಲಿ ಸೀಲ್ ಹೊಡೀತೀರಿ” ಎಂದಿರುತ್ತಾರೆ. ಸದರಿ ಮಾತನ್ನು ಕಡತಕ್ಕೆ ಸೇರಿಸಿ, ತಿರಸ್ಕಾರವನ್ನು ತಡೆಹಿಡಿಯಲಾಯಿತು.

6. ಈ ನಡುವೆ ಹೊಸನಗರದ ಉಗ್ರಾಣಪಾಲಕ ಶ್ರೀ ಪೂರ್ಣೇಶ್ ಘಟ್ಟದ ಕೆಳಗಿನವರಾದ್ದರಿಂದ, ಅರ್ಜಿಯಲ್ಲಿನ ‘ಮುಡಿ’ಯನ್ನು ಹುಲ್ಲು ಸುತ್ತಿ ಕಟ್ಟಿದ ಅಕ್ಕಿ ಮುಡಿ ಎಂದು ಓದಿಕೊಂಡು, ಅದನ್ನು ಸಾಗಿಸಲು ಇಲಾಖೆಯ ಜೀಪು ಕಳುಹಿಸಿರುತ್ತಾರೆ. ಅವರಿಗೆ ನೋಟಿಸ್ ಸಿದ್ಧಪಡಿಸುವಾಗ, ಹರಕೆಯಲ್ಲಿ ‘ಮುಡಿ’ ಎಂದಷ್ಟೇ ಇದ್ದು, ಯಾವ ಮುಡಿ ಎಂದು ದೇವರಿಗೆ ತಿಳಿಸಿಲ್ಲದಿರುವುದು ಕಂಡುಬಂದಿದೆ. ಆದ್ದರಿಂದ ನೋಟಿಸನ್ನು ಹರಿದುಹಾಕಿ, ಶ್ರೀ ವಾಸಪ್ಪನವರು ಅಕ್ಕಿ ಮುಡಿಯನ್ನು ಕೈಯಾರೆ ಒಪ್ಪಿಸಿ ಬರಲು ರಜೆ ಮಂಜೂರು ಮಾಡಲಾಗಿದೆ. ಬಂದ ಮೇಲೆ ಮನೆಯಲ್ಲಿಯೇ ನಿದ್ದೆ ಮಾಡತಕ್ಕದ್ದು.

7. ಹರಕೆ ಎಷ್ಟೇ ಹಳೆಯದಾಗಿದ್ದರೂ, ಕೂದಲು ಯಾವ ಕಾಲದಲ್ಲಿ ಹೋಗಿದ್ದರೂ, ನೌಕರರ ದರ್ಜೆ ಯಾವುದೇ ಇದ್ದರೂ ಈ ಸೌಲಭ್ಯ ಅನ್ವಯಿಸುತ್ತದೆ. ಈ ಕಲಮನ್ನು ಏಕೆ ಸೇರಿಸಲಾಯಿತೆಂದು ಕೇಳುವಂತಿಲ್ಲ.

ಸಹಿ/-
(ಹೂವಯ್ಯ)
ಕಚೇರಿ ಮುಖ್ಯಸ್ಥರು
(ಟೋಪಿ ಧರಿಸಿ ಸಹಿ ಮಾಡಲಾಗಿದೆ)

ಪ್ರತಿ:
1. ಶ್ರೀ ವಾಸಪ್ಪ, ಎಚ್ಚರವಿರುವಾಗ ತಲುಪಿಸಲು.
2. ಶ್ರೀಮತಿ ಬಂಗಾರಮ್ಮ, ಪುನಃ ಕಚೇರಿಗೆ ಬಾರದಿರುವಂತೆ ವಿನಂತಿಯೊಂದಿಗೆ.
3. ಮನೆದೇವರ ಸನ್ನಿಧಿಗೆ, ವಿಳಂಬವನ್ನು ಮನ್ನಿಸುವಂತೆ ಕೋರಿ.
4. ಉಗ್ರಾಣಪಾಲಕರು, ಹೊಸನಗರ: ಜೀಪಿನಲ್ಲಿ ಎರಡು ಮುಡಿ ಇಡುವುದು. ಒಂದು ಶ್ರೀ ವಾಸಪ್ಪನವರದ್ದು. ಇನ್ನೊಂದು ಯಾರದ್ದೆಂದು ವಿಚಾರಿಸತಕ್ಕದ್ದಲ್ಲ.