ಮೂರು ಸಲ ಉಕ್ಕಬೇಕಾದ ಹಾಲು

ಹಾಲನ್ನು ಕಳ್ಳನಂತೆ ಅನುಮಾನದಿಂದ ನೋಡುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಮ್ಮ ಮನೆಯಲ್ಲಿ ಒಬ್ಬರಿದ್ದರು. ನನ್ನ ಅಪ್ಪನ ತಮ್ಮ, ನಮಗೆ ಕಾಕಾ. ಆ ಗುರುವಾರ ಬೆಳಿಗ್ಗೆಯೂ ನಾಸಿಕ್ ರೋಡಿನ ನಮ್ಮ ಮನೆಯಲ್ಲಿ ಮಂಚದ ಮೇಲೆ ಕುಳಿತು, ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು, ಕಿವಿಯನ್ನು ಮಾತ್ರ ಅಡುಗೆಮನೆಗೆ ಕಳಿಸಿದ್ದರು. ಹಾಲು ಒಮ್ಮೆ ಉಕ್ಕಿತು. ನನ್ನ ಹೆಂಡತಿ ಉರಿ ಸಣ್ಣದು ಮಾಡಿದಳು. ಎರಡನೆಯ ಸಲವೂ ಉಕ್ಕಿತು.

"ಇನ್ನೊಂದ್ ಸಲ!" ಎಂದರು ಕಾಕಾ, ಪೇಪರ್ ಇಳಿಸದೆ.

"ಕಾಕಾ, ಇದು ಪ್ಯಾಕೆಟ್ ಹಾಲರಿ. ಅವರೇ ಕಾಸಿ ಕಳಸ್ಯಾರ."

"ಅವರು ಕಾಸಿದ್ದು ನಾ ನೋಡೀನೇನು? ನೀ ಕಾಸೂದು ನೋಡ್ಲಿಕತ್ತೀನಿ. ಇನ್ನೊಂದ್ ಸಲ, ಯವ್ವಾ."

ಪೇಪರಿನ ಆಚೆ ಏನು ಕಾಣುತ್ತಿತ್ತೋ ದೇವರೇ ಬಲ್ಲ! ಹಾಲು ಮೂರನೆಯ ಸಲ ಉಕ್ಕಿತು, ಕಾಕಾ ಚಹಾ ಕುಡಿದರು, ನಾನು ಅಂಗಡಿಗೆ ಹೋದೆ. ಉಳಿದ ದಿನಗಳಂಥದೇ ಒಂದು ದಿನ. ಗೊತ್ತಿದ್ದರೆ ಅಂಗಡಿ ತಡವಾಗಿ ತೆರೆಯುತ್ತಿದ್ದೆ.

ಹಾಲಿನ ಮೇಲೆ ಇಷ್ಟು ಸಂಶಯ ಸುಮ್ಮನೆ ಬಂದದ್ದಲ್ಲ. ಕಾಕಾ ಸರಕಾರಿ ದನದ ದವಾಖಾನೆಯಲ್ಲಿ ಸಹಾಯಕರಾಗಿದ್ದವರು. ಬೀದರಿನಿಂದ ಬಂದು ಸಂಭಾಜಿನಗರದ ಹತ್ತಿರ ಹೊಸದಾಗಿ ಕೆಲಸಕ್ಕೆ ಸೇರಿದಾಗ, ಕಂದು ಹಾಕಿದ ಒಂದು ಎಮ್ಮೆ ಬಂತು. ಅಂದರೆ ದಿನ ತುಂಬುವ ಮೊದಲೇ ಅದರ ಕರು ಹೋಗಿತ್ತು. ಒಳಗೆ ಉಳಿದ ಮಾಸನ್ನು ಕಾಕಾ ಬರಿಗೈಯಲ್ಲೇ ತೆಗೆದರು. ಕೆಲವು ವಾರಗಳಲ್ಲಿ ಜ್ವರ ಹಿಡಿಯಿತು. ಸಂಜೆ ಬರುವುದು, ಅಂಗಿ ಹಿಂಡುವಷ್ಟು ಬೆವರಿಸುವುದು, ಬೆಳಿಗ್ಗೆ ಏನೂ ಅರಿಯದಂತೆ ಹೋಗುವುದು. ಸೊಂಟ ನೋವು ಬೇರೆ. ಒಬ್ಬರು ಟೈಫಾಯಿಡ್ ಎಂದರು, ಒಬ್ಬರು ಮಲೇರಿಯಾ ಎಂದರು, ನಮ್ಮಜ್ಜಿ ದೃಷ್ಟಿ ಎಂದಳು. ಮೂರು ತಿಂಗಳ ಮೇಲೆ ಒಬ್ಬ ಡಾಕ್ಟರು, "ನೀವು ಮಾಡುವ ಕೆಲಸ ಏನು?" ಎಂದು ಕೇಳಿದರಂತೆ. ರಕ್ತ ಪರೀಕ್ಷೆಯಾಯಿತು. ದನಗಳು ಕಂದು ಹಾಕುವ ರೋಗವೇ, ಬ್ರುಸೆಲೋಸಿಸ್, ಕಾಕಾನಿಗೂ ಬಂದಿತ್ತು.

ಆರು ವಾರ ಎರಡು ಬಗೆಯ ಔಷಧ ಕೊಟ್ಟರು. ಮೂರನೆಯ ವಾರಕ್ಕೇ ಜ್ವರ ಬಿಟ್ಟಿತೆಂದು ಕಾಕಾ ಔಷಧವನ್ನೂ ಬಿಟ್ಟರು. ಜ್ವರ ಸುಮ್ಮನಿರುತ್ತದೆಯೇ? ವಾಪಸು ಬಂತು! ಮತ್ತೆ ಮೊದಲಿನಿಂದ ಆರು ವಾರ.

ಅಂದಿನಿಂದ ಜ್ವರ ಬಂದವರು ಯಾರೇ ಸಿಗಲಿ, ಕಾಕಾನ ಮೊದಲ ಪ್ರಶ್ನೆ ಒಂದೇ: "ಮನ್ಯಾಗ ಎಮ್ಮಿ ಅದನು?" ಓಝರ್ ವಿಮಾನ ಕಾರ್ಖಾನೆಯ ಒಬ್ಬ ಇಂಜಿನಿಯರ್, ನಮ್ಮ ಬೀದರಿನವನೇ, ತಿಂಗಳಿನಿಂದ ಮಲಗಿದ್ದ. ನೋಡಲು ಹೋದಾಗ ಅವನಿಗೂ ಅದನ್ನೇ ಕೇಳಿದರು.

"ಕಾಕಾ, ನಂದು ಮೂರನೇ ಮಜಲಿ. ಎಮ್ಮಿ ಲಿಫ್ಟಿನ್ಯಾಗ ಬರ್ತದೇನ್ರಿ?"

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. "ಆಡು?" ಎಂದರು. ಇಂಜಿನಿಯರ್ ತನ್ನ ಅತ್ತೆಯ ಕಡೆ ತಿರುಗಿದ. ಅದಕ್ಕೂ ಮೊದಲು ಡೆಂಗಿ ಆಗಿದ್ದಾಗ, ರಕ್ತದ ಪ್ಲೇಟ್‌ಲೆಟ್ ಏರುತ್ತದೆಂದು ಅವನ ಅತ್ತೆ ದಿನಾ ಒಂದು ಲೋಟ ಹಸಿ ಆಡಿನ ಹಾಲು ಕುಡಿಸಿದ್ದಳು! ರಕ್ತ ಪರೀಕ್ಷೆ ಮಾಡಿಸಿದರು. ಅದೇ ರೋಗ. ಕಾಕಾ ಆರು ವಾರವೂ ದಿನಾ ಫೋನ್ ಮಾಡಿ ಗುಳಿಗೆ ನುಂಗಿಸಿದರು. ಇಂಜಿನಿಯರ್ ಗುಣವಾದ. ಅವನ ಅತ್ತೆ ಮಾತ್ರ ಇಂದಿಗೂ ನಮ್ಮೊಡನೆ ಮಾತಾಡುವುದಿಲ್ಲ.

ದೇವರ ಗುಡಿಯೂ ತಪ್ಪಲಿಲ್ಲ. ಅಭಿಷೇಕದ ಹಾಲು ಕೈಗೆ ಬಿದ್ದಾಗ ಪೂಜಾರಿಗೆ ಮೆಲ್ಲಗೆ ಹೇಳಿದರು: "ಲಿಂಗಕ್ಕ ಹಸೀದೇ ಹಾಕ್ರಿ, ಅವಗ ಏನೂ ಆಗಂಗಿಲ್ಲ. ನಮಗ ಕೊಡೂದು ಕಾಸಿ ಕೊಡ್ರಿ."

ಆದರೆ ಕಾಕಾನ ನಿಜವಾದ ಯುದ್ಧ ನಡೆದದ್ದು ದಿಂಡೋರಿ ದಾರಿಯ ಒಬ್ಬ ಗೌಳಿಯೊಡನೆ. ಅವನೂ ನಮ್ಮ ಕಡೆಯವನು. ಅವನ ಕೊಟ್ಟಿಗೆಯಲ್ಲಿ ಮೂರು ಎಮ್ಮೆ ಒಂದರ ಹಿಂದೊಂದು ಕಂದು ಹಾಕಿದ್ದವು. ಬಿದ್ದ ಕಂದು, ಮಾಸನ್ನೆಲ್ಲ ಬರಿಗೈಯಲ್ಲಿ ಬಳಿದು ಹಾಕುತ್ತಿದ್ದವಳು ಅವನ ಬಸುರಿ ಸೊಸೆ. ಸಾಲದ್ದಕ್ಕೆ ಶಕ್ತಿ ಬರಲಿ ಎಂದು ಅವಳಿಗೆ ಕೆಚ್ಚಲಿನಿಂದ ಕರೆದ ಹಸಿ ಹಾಲು! ಕಾಕಾ ಗುರುವಾರ ಗುರುವಾರ ಬಸ್ಸು ಹತ್ತಿದರು.

"ನಮ್ಮ ಮುತ್ಯಾ ಕೆಚ್ಚಲಿಗಿ ಬಾಯಿ ಹಚ್ಚಿ ಕುಡದು ತೊಂಬತ್ತು ವರ್ಷ ಬದುಕಿದ್ನರಿ," ಎಂದ ಗೌಳಿ.

"ಅವನ ಎಮ್ಮಿ ಕಂದು ಹಾಕಿತ್ತೇನು?"

ಗೌಳಿ ಆ ಮೂರರಲ್ಲೊಂದು ಎಮ್ಮೆಯನ್ನು ಸಂತೆಗೆ ಸಾಗಿಸಿದ. ಕಂದು ಹಾಕಿದ ಎಮ್ಮೆಯನ್ನು ಬಾಯಿಮುಚ್ಚಿಕೊಂಡು ಇನ್ನೊಬ್ಬರಿಗೆ ಮಾರುವುದು ಅಲ್ಲಿನ ರೂಢಿ. ರೋಗ ಊರೂರು ತಿರುಗುವುದೇ ಹಾಗೆ. ಸುದ್ದಿ ಸಿಕ್ಕ ಕಾಕಾ ಮೊದಲೇ ಹೋಗಿ ಎಮ್ಮೆಯ ಪಕ್ಕದಲ್ಲಿ ಕೊಡೆ ಬಿಚ್ಚಿ ನಿಂತರು. ಕೊಳ್ಳಲು ಬಂದವರಿಗೆಲ್ಲ ಅದರ ಚರಿತ್ರೆ ಹೇಳಿದರು. ಸಂಜೆ ಒಂದೇ ಟೆಂಪೋದಲ್ಲಿ ಮೂವರೂ ಮರಳಿದರು. ದಾರಿಯುದ್ದಕ್ಕೂ ಬಾಯಿ ಬಿಟ್ಟದ್ದು ಎಮ್ಮೆಯೊಂದೇ!

ಕೊನೆಗೆ ಗೌಳಿ ಸೋತ. ಆ ಎಮ್ಮೆಗಳನ್ನು ಬೇರೆ ಕಟ್ಟಿದ. ಕಂದು, ಮಾಸು ಹೂಳಲು ಗುಂಡಿ ತೋಡಿ ಸುಣ್ಣ ಹಾಕಿದ. ಸೊಸೆಯನ್ನು ಕೊಟ್ಟಿಗೆಯಿಂದ ಬಿಡಿಸಿದ. ಅವಳ ರಕ್ತದಲ್ಲಿ ರೋಗವಿಲ್ಲ ಎಂದು ಕಾಗದ ಬಂದ ದಿನ ಕಾಕಾ ಅದನ್ನು ನಾಲ್ಕು ಸಲ ಓದಿದರು. ಉಳಿದದ್ದು ಹೆಣ್ಣು ಕರುಗಳ ಲಸಿಕೆ. ಎಳೆಯ ಕರುವಿಗೆ ಒಮ್ಮೆ ಹಾಕಿದರೆ ಸಾಕು, ಆದರೆ ಸೂಜಿ ಎಂದರೆ ಗೌಳಿಗೆ ಕರುವಿಗಿಂತ ಹೆಚ್ಚು ಭಯ. ನಾನು ಮೊದಲು ಹೇಳಿದ ಗುರುವಾರ ಅವನು ಅದಕ್ಕೂ ಒಪ್ಪಿದ.

"ಮುಂದಿನ ಗುರುವಾರ ಡಾಕ್ಟರಿಗಿ ಕರ್ಸ್ರಿ. ಆದ್ರ ಕರು ನೀವೇ ಹಿಡೀಬೇಕು ನೋಡ್ರಿ."

ಕಾಕಾ ಮನೆಗೆ ಬಂದು ಒಂದರ ಮೇಲೊಂದು ಎರಡು ಕಪ್ ಚಹಾ ಕುಡಿದರು. ಮರುದಿನ ನಸುಕಿನಲ್ಲೇ ಅತ್ತೆಯನ್ನು, ಅಂದರೆ ತಮ್ಮ ಅಕ್ಕನನ್ನು ನೋಡಿ ಬರಲು ಸಂಭಾಜಿನಗರದ ಬಸ್ಸು ಹತ್ತಿದರು. ಭಾನುವಾರ ಫೋನ್ ಬಂತು. ಜ್ವರವಲ್ಲ, ಹಾಲಲ್ಲ. ಕುಳಿತಲ್ಲೇ ಕಾಕಾನ ಎದೆ ನಿಂತಿತ್ತು.

ಗುರುವಾರ ದಿಂಡೋರಿ ದಾರಿಗೆ ನಾನು ಹೋದೆ. ಕಾಕಾ ಹೇಳಿಟ್ಟಿದ್ದ ದನದ ಡಾಕ್ಟರು ಬಂದಿದ್ದರು. ಗೌಳಿ ಉದ್ದ ಕೈಗವಸು ತೊಟ್ಟು ತಾನೇ ಕೊಟ್ಟಿಗೆ ತೊಳೆಯುತ್ತಿದ್ದ. ಸೊಸೆ ದೂರ, ಮನೆಯ ಬಾಗಿಲಲ್ಲಿ ನಿಂತಿದ್ದಳು. ಐದು ಕರುಗಳ ಲಸಿಕೆಯಾಗಿ ಕಿವಿಗೆ ಬಿಲ್ಲೆ ಬಿದ್ದಿತ್ತು. ಒಂದು ಮಾತ್ರ ಗೂಟದಲ್ಲಿ ಜಿಗಿಯುತ್ತಿತ್ತು.

"ಅದು ಕಾಕಾನ ಪಾಲಿಂದು. ಅವರು ಎಲ್ರಿ?" ಎಂದ ಗೌಳಿ.

ನಾನು ಹೇಳಿದೆ. ಅವನು ಕೈಗವಸು ಬಿಚ್ಚಿ, ಕೈ ತೊಳೆದು, ಕರುವಿನ ಹಗ್ಗ ಬಿಚ್ಚಿ ನನ್ನ ಕೈಗಿಟ್ಟ. ಆಮೇಲೆ ಆ ಕರುವನ್ನು ನಾನೇ ಹಿಡಿದೆ. ಒದೆ ಸರಿಯಾಗಿ ಬಿತ್ತು. ಸೊಸೆ ಚಹಾ ಕೊಡುತ್ತ, ಕೇಳದಿದ್ದರೂ ಹೇಳಿದಳು: "ಮೂರು ಸಲ ಉಕ್ಕ್ಯಾದರಿ."

ನಮ್ಮ ಮನೆಯಲ್ಲೂ ಹಾಲು ಮೂರು ಸಲ ಉಕ್ಕುತ್ತದೆ. ಎರಡನೆಯದಾದ ಮೇಲೆ ನನ್ನ ಹೆಂಡತಿ ಚಮಚ ಹಿಡಿದು ಸ್ವಲ್ಪ ನಿಲ್ಲುತ್ತಾಳೆ. "ಇನ್ನೊಂದ್ ಸಲ" ಎನ್ನುವವರು ಮಂಚದ ಮೇಲೆ ಇಲ್ಲ.