ನಾಲ್ಕನೆಯ ತಂತಿ

ತಟಸ್ಥನಾಗಿರುವುದು ದೊಡ್ಡ ಗುಣವೆಂದು ನಾನು ಬಹುಕಾಲ ನಂಬಿದ್ದೆ. ಯುದ್ಧ ಶುರುವಾದಾಗಿನಿಂದ ಪತ್ರಿಕೆಗಳಲ್ಲಿ ತಟಸ್ಥ ರಾಷ್ಟ್ರಗಳ ಮಾತು ಬರುತ್ತಲೇ ಇತ್ತು. ಅವುಗಳಲ್ಲಿ ಒಂದೊಂದೇ ನಕಾಶೆಯಿಂದ ಮಾಯವಾಗುವುದನ್ನು ಕಂಡಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಕಾಲೇಜಿನಲ್ಲಿ ಹುಡುಗರಿಗೆ ವಿದ್ಯುತ್ತಿನ ಪ್ರಯೋಗ ಮಾಡಿ ತೋರಿಸುವ ಕೆಲಸ ನನ್ನದು. ಇನ್ನೊಬ್ಬರಿಗೆ ಹೇಳುವಾಗ ಮಾತ್ರ ಬುದ್ಧಿ ಹೊಳೆಯುವುದು ಈ ವೃತ್ತಿಗೆ ಅಂಟಿದ ರೋಗ.

ನಾನಿದ್ದದ್ದು ಪುಣೆಯ ಹಳೆಯ ಪೇಟೆಯೊಂದರಲ್ಲಿ, ಸೋದರಮಾವನ ವಾಡೆಯಲ್ಲಿ. ಧಾರವಾಡದಿಂದ ಓದಲು ಬಂದವನನ್ನು ಮಾವ ಮೆಟ್ಟಿಲ ಮೇಲಿನ ಕೋಣೆಯಲ್ಲಿ ಇಟ್ಟುಕೊಂಡರು. ಓದು ಮುಗಿದರೂ, ಮಾವ ತೀರಿಕೊಂಡರೂ ನಾನು ಅಲ್ಲಿಂದ ಕದಲಲಿಲ್ಲ. ಅವರ ಮೂವರು ಮಕ್ಕಳಾದ ವಾಸುದೇವ, ರಘುನಾಥ, ಗೋಪಾಳ ಒಂದೇ ಅಂಗಳದ ಸುತ್ತ ಮೂರು ಒಲೆ ಹೂಡಿದ್ದರು. ಮದುವೆಯಾಗದ ನಾನು ಮೂರೂ ಮನೆಗಳಲ್ಲಿ ಸರತಿಯ ಮೇಲೆ ಉಣ್ಣುತ್ತಿದ್ದೆ, ಉಂಡದ್ದಕ್ಕೆ ಪ್ರತಿಯಾಗಿ ಮಾತು ಸಾಗಿಸುತ್ತಿದ್ದೆ. ಅವರ ಮೂವರು ಹೆಂಡತಿಯರು ಒಬ್ಬರೊಡನೊಬ್ಬರು ನೇರವಾಗಿ ಮಾತಾಡುವುದನ್ನು ಬಿಟ್ಟು ವರ್ಷಗಳಾಗಿದ್ದವು. “ನಳದ ಮುಂದ ಹಿಂಗ ಕುಂತಬಿಟ್ರ ಉಳದವ್ರು ನೀರಿಗೆ ಮುಠಾ ಹೊಳಿಗೆ ಹೋಗ್ಬೇಕೇನು, ಕೇಳ್ರಿ ಆ ಮಹಾರಾಣಿನ್ನ” ಎಂದು ವಾಸುದೇವನ ಹೆಂಡತಿ ಅಂಬಕ್ಕವೈನಿ ಅಂದದ್ದು, ನಾನು ಅಂಗಳ ದಾಟುವಷ್ಟರಲ್ಲಿ “ವೈನಿಗೆ ಒಂದೀಟು ನೀರು ಬೇಕಂತ” ಎಂದಾಗಿರುತ್ತಿತ್ತು. “ಅವರ ಕೊಡಾನ ಒಡದು ಹೋಗ್ಲಿ ಅನ್ರಿ” ಎಂದು ರಘುನಾಥನ ಹೆಂಡತಿ ಸುಂದ್ರಾಬಾಯಿ ಅಂದರೆ, ಅದು ಆಚೆ ದಡ ಮುಟ್ಟುವಾಗ “ತುಂಬಿಸಿ ಇಡ್ತಾರಂತ” ಎಂದಾಗುತ್ತಿತ್ತು. ಕೊಡವನ್ನು ನಾನೇ ತುಂಬಿಸಿ ಇಡುತ್ತಿದ್ದೆ.

ವಾಡೆಗೆ ಕರೆಂಟು ಬಂದಾಗ ಬೀದಿಯ ಕಂಬದಿಂದ ನಾಲ್ಕು ತಂತಿಗಳು ಒಳಗೆ ಬಂದವು. ಮನೆಗೊಂದರಂತೆ ಮೂರು, ನಾಲ್ಕನೆಯದು ಎಲ್ಲರಿಗೂ ಸೇರಿದ್ದು. ಅದು ಯಾಕೆ ಎಂದು ವಾಸುದೇವ, ನಮ್ಮ ವಾಸಣ್ಣ, ಕೇಳಿದ. ಇಂಥ ಅವಕಾಶವನ್ನು ನಾನು ಬಿಡುವವನಲ್ಲ. ಬೀಸುವ ಕಲ್ಲಿನ ಸುತ್ತ ಮೂವರು ಸಮ ಅಂತರದಲ್ಲಿ ಕುಳಿತು ಒಂದೇ ಗೂಟ ಹಿಡಿದಿದ್ದಾರೆ ಎಂದುಕೋ, ಒಬ್ಬರ ಎಳೆತ ಮುಗಿಯುವಲ್ಲಿ ಇನ್ನೊಬ್ಬರದು ಶುರು, ಮೂರು ತಂತಿಗಳಲ್ಲಿ ಕರೆಂಟು ಏರಿ ಇಳಿಯುವುದು ಹಾಗೆಯೇ ಸರದಿಯ ಮೇಲೆ ಎಂದೆ. ಮೂರೂ ಮನೆ ಸಮನಾಗಿ ಉರಿಸಿದರೆ ಒಂದರಲ್ಲಿ ಬಂದದ್ದು ಉಳಿದವುಗಳಲ್ಲಿ ಹಿಂದಿರುಗಿ ಮೂರರ ಮೊತ್ತ ಯಾವ ಗಳಿಗೆಯಲ್ಲೂ ಸೊನ್ನೆ, ಆಗ ನಾಲ್ಕನೆಯದಕ್ಕೆ ಕೆಲಸವಿಲ್ಲ. ಹೆಚ್ಚುಕಡಿಮೆಯಾದರೆ ಆ ಹೆಚ್ಚುಕಡಿಮೆಯನ್ನು ಹೊತ್ತು ಹಿಂದಕ್ಕೆ ಸಾಗಿಸುವುದೇ ಅದು, ಹೆಸರು ತಟಸ್ಥ ತಂತಿ ಎಂದೆ. “ಅಂದ್ರ ನಿನ್ನಂಥಾದ್ದು” ಎಂದ ವಾಸಣ್ಣ. ನಾನು ಹಿಗ್ಗಿದೆ. ಇದನ್ನು ಅವನು ಅಂದನೋ, ಅವನು ಅನ್ನದೆ ಹೋದದ್ದರಿಂದ ನಾನೇ ಅಂದುಕೊಂಡೆನೋ, ಈಗ ಖಾತ್ರಿಯಿಲ್ಲ. ಡೈರಿಯಲ್ಲಿ ಅವನ ಬಾಯಿಗೇ ಹಾಕಿದ್ದೇನೆ. ಆದರೆ ಡೈರಿ ಬರೆದವನು ನಾನೇ ಆದ್ದರಿಂದ ಅದರ ಸಾಕ್ಷಿಯ ಮೇಲೆ ನನಗೆ ಅಷ್ಟು ಭರವಸೆಯಿಲ್ಲ.

ನನ್ನ ಕೋಣೆಗೆ ಮಾತ್ರ ಬಲ್ಬು ಬರಲಿಲ್ಲ. “ಅಂವಾ ಎಲ್ಲಾರಿಗೂ ಬೇಕಾದಾಂವ, ನಮ್ಮ ತಂತಿಗೇ ಯಾಕ?” ಎಂದು ಮೂರೂ ಮನೆಯವರು ಪ್ರೀತಿಯಿಂದಲೇ ಕೇಳಿದರು. ವಿದ್ಯುತ್ತಿನ ಪಾಠವನ್ನು ನಾನು ಕಂದೀಲಿನ ಬೆಳಕಿನಲ್ಲಿ ಸಿದ್ಧಮಾಡಿಕೊಂಡೆ.

ಒಂದು ಸಂಜೆ ಆ ನಾಲ್ಕನೆಯ ತಂತಿ ಕಡಿಯಿತು. ವಾಸಣ್ಣನ ಮನೆಯ ದೀಪಗಳೆಲ್ಲ ಕೆಂಡದಂತೆ ಮಂಕಾದವು. ಅದೇ ಕ್ಷಣ, ಒಂದೇ ಒಂದು ದೀಪ ಉರಿಸುವ ಜಿಪುಣ ಗೋಪಾಳನ ಬಲ್ಬು ಮದುವೆಮನೆಯಂತೆ ಬೆಳಗಿ ಠಪ್ಪೆಂದು ಒಡೆಯಿತು.

“ನಮ್ಮ ಕರೆಂಟ ಕದ್ದು ಉರಸ್ಲಿಕ್ಕೆ ಹತ್ಯಾರ” ಎಂದರು ಅಂಬಕ್ಕವೈನಿ, ಯಾರನ್ನೂ ನೋಡದೆ.

“ಕದ್ದಾವ್ರ ಬಲ್ಬು ಒಡೀತದೇನ್ರಿ?” ಎಂದ ಗೋಪಾಳ ಗಾಜು ಆರಿಸುತ್ತ.

ನಡುವಿನ ಈ ತಟಸ್ಥ ತಂತಿ ಹೋದರೆ ಹೆಚ್ಚು ಉರಿಸುವವನು ಮಂಕಾಗುತ್ತಾನೆ, ಕಡಿಮೆ ಉರಿಸುವವನು ಸಿಡಿಯುತ್ತಾನೆ, ಇದರಲ್ಲಿ ಕಳ್ಳರಾರೂ ಇಲ್ಲ ಎಂದು ಮೆಟ್ಟಿಲ ಮೇಲಿಂದ ನಾನು ವಿವರಿಸಿದೆ. ಕೇಳುವವರಿರಲಿಲ್ಲ. ಮುಖ್ಯ ಸ್ವಿಚ್ಚು ಆರಿಸಿ ವಾಯರ್‌ಮನ್‌ನನ್ನು ಕರೆತರಲು ಹೊರಟೆ. ಅವನು ಬಂದು “ನ್ಯೂಟ್ರಲ್ ತುಟಲಾ” ಎಂದು ಮರಾಠಿಯಲ್ಲಿ ಗೊಣಗಿ, ಕಡಿದ ತಟಸ್ಥ ತಂತಿಯನ್ನು ಬೇಸರದಿಂದ ಜೋಡಿಸಿ ಹೋದ. ದೀಪ ಹತ್ತಿದಾಗ ನೋಡಿದರೆ ಮೂವರು ಹೆಂಗಸರೂ ಒಂದೇ ಕಟ್ಟೆಯ ಮೇಲೆ ಕುಳಿತಿದ್ದಾರೆ. ನಾನಿಲ್ಲದ ಕತ್ತಲಲ್ಲಿ ಬೇರೆ ದಾರಿಯಿಲ್ಲದೆ ನೇರವಾಗಿ ಜಗಳಾಡಿದ್ದಾರೆ, ಜಗಳ ಮುಗಿದಿದೆ.

“ಭಾವಜಿ, ಕೊಡಾ ಒಡದು ಹೋಗ್ಲಿ ಅಂದಿದ್ದೆ ನಾನು” ಎಂದರು ಸುಂದ್ರಾಬಾಯಿ. “ನೀವೇನ್ ಹೇಳಿದ್ರಿ?”

“ಇಕಿ ತುಂಬಿಸಿ ಇಡ್ತಾಳ ಅಂತ ನಾನೂ ನಂಬಿದ್ದೆ” ಎಂದರು ವೈನಿ. “ನೀವು ನಡುವ ಇರದಿದ್ರ ನಾವು ಎಂದೋ ಜಗಳಾಡಿ ಒಂದಾಗಿರ್ತಿದ್ವಿ ನೋಡ್ರಿ.”

ಮೂವರೂ ನಕ್ಕರು. ಅವರು ಒಟ್ಟಿಗೆ ನಕ್ಕದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅದೂ ನನ್ನನ್ನು ಕುರಿತು.

ಆಮೇಲೆ ಮಾತುಕತೆಯಲ್ಲಿ ಮೂರು ಮನೆಗಳೂ ಸಮನಾದವು. ಮೂವರೂ ಒಮ್ಮತದಿಂದ ಕೈಗೊಂಡ ಮೊದಲ ನಿರ್ಣಯವೆಂದರೆ ಮೆಟ್ಟಿಲ ಮೇಲಿನ ಕೋಣೆಯನ್ನು ಲಷ್ಕರದ ಕಚೇರಿಯ ಕಾರಕೂನನೊಬ್ಬನಿಗೆ ಬಾಡಿಗೆಗೆ ಕೊಡುವುದು. ತಿಳಿಸಲು ಬಂದ ವಾಸಣ್ಣ ನನ್ನ ಕಂದೀಲನ್ನೇ ನೋಡುತ್ತ ನಿಂತ. “ನೀನ ಹೇಳಿದ್ದೆಲ್ಲೋ, ಮೂರೂ ಸಮ ಆದ್ರ ನಡುವಿಂದಕ್ಕ ಕೆಲಸಿಲ್ಲಂತ. ತಪ್ಪು ತಿಳೀಬ್ಯಾಡ.” ತಪ್ಪು ತಿಳಿಯಲು ಏನಿತ್ತು, ಪಾಠವನ್ನು ಅವನು ಸರಿಯಾಗಿಯೇ ಕಲಿತಿದ್ದ. ಕೆಲಸವಿಲ್ಲದಿದ್ದರೂ ಆ ತಂತಿಯನ್ನು ಯಾರೂ ಕಿತ್ತುಹಾಕುವುದಿಲ್ಲ ಎಂಬ ಭಾಗವೊಂದು ಉಳಿದಿತ್ತು. ಅಂದು ಪಾಠ ಹೇಳುತ್ತ ನಾನು ಅಲ್ಲಿಗೆ ಬರುವಷ್ಟರಲ್ಲಿ ಚಹಾ ಬಂದಿತ್ತು.

ಈಗ ನಾನು ಬೇರೆ ಪೇಟೆಯಲ್ಲಿದ್ದೇನೆ. ಸಂಜೆ ಕಾಲೇಜಿನಿಂದ ಬರುವಾಗ ಸುತ್ತುಬಳಸಿಯಾದರೂ ಆ ಓಣಿಯಿಂದಲೇ ಬರುತ್ತೇನೆ. ನನ್ನ ಕೋಣೆಯ ಕಿಟಕಿಯಲ್ಲಿ ಬಲ್ಬು ಉರಿಯುತ್ತಿರುತ್ತದೆ; ಕಾರಕೂನ ಬಂದ ವಾರವೇ ಹಾಕಿಸಿಕೊಟ್ಟರಂತೆ. ಯಾರ ತಂತಿಯಿಂದ ಎಂಬುದು ಬೀದಿಯಿಂದ ತಿಳಿಯದು. ಯಾರದಾದರೇನು, ಆ ಮನೆಯ ಭಾರ ಒಂದು ಬಲ್ಬಿನಷ್ಟು ಹೆಚ್ಚಿತು, ಮೂರೂ ಈಗ ಸಮವಲ್ಲ. ಶಾಸ್ತ್ರದ ಪ್ರಕಾರ ನಾಲ್ಕನೆಯದಕ್ಕೆ ಈಗ ಸ್ವಲ್ಪವಾದರೂ ಕೆಲಸವಿರಲೇಬೇಕು. ಹಾಗೆಂದೇ ಓಣಿಯ ಬಾಯಲ್ಲಿ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಒಂದಿಷ್ಟು ಹೊತ್ತು ನಿಲ್ಲುತ್ತೇನೆ. ಇದುವರೆಗೆ ಯಾರೂ ಕರೆದಿಲ್ಲ. ಬಲ್ಬು ತೀರ ಸಣ್ಣದಿರಬೇಕು.